ಬಾಳವ್ವ ಭಂಡಾರ ಮುಟ್ಟಿದ ಮಳಿಗಾಲ

ಪ್ರತಿ ಐತವಾರ ಮುಂಜಾನೆ ಬೆಲ್ಲದ ಬಾಗೇವಾಡಿಯ ನಮ್ಮ ಓಣ್ಯಾಗಿನ ವಿಹಾರದಾಗ ಹತ್ತಿಪ್ಪತ್ತು ಮಂದಿ ಕೂಡ್ತೇವಿ. ಬುದ್ಧನ ಮುಂದ ಮೇಣಬತ್ತಿ ಹಚ್ಚಿ ಎಲ್ಲಾರೂ ಕೂಡಿ ಪಂಚಶೀಲ ಹೇಳ್ತೇವಿ. ಕೊಲ್ಲೂದಿಲ್ಲ, ಕದಿಯೂದಿಲ್ಲ ಅಂತ ಒಂದರ ಹಿಂದೊಂದು ಐದು ಮಾತು ಕೊಡೂದು. ಹೋದ ಐತವಾರ ಮುಗಿಸಿ ಹೊರಗ ಬಂದು ಚಪ್ಪಲಿ ಹಾಕ್ಕೊಳ್ಳುವಾಗ ನನ್ನ ಮಗಳು ಕೇಳಿದ್ಲು. ಅಕಿಗೆ ಎಂಟು ವರ್ಷ.

“ಅವ್ವಾ, ನಾಕನೇದ್ದು ಬಂದಾಗ ನೀ ಯಾಕ ಬರೇ ತುಟಿ ಅಲಗಾಡಸ್ತಿ?”

ನಾಕನೇದ್ದು ಸುಳ್ಳು ಹೇಳೂದಿಲ್ಲ ಅನ್ನೂ ಮಾತು.

“ಗಂಟಲ ಕಟ್ಟಿತ್ತವಾ” ಅಂದ್ನಿ. ಅದೂ ಸುಳ್ಳ.

ಐದು ವರ್ಷದಿಂದ ಹಿಂಗ ತುಟಿ ಅಲಗಾಡಿಸಿ ದಾಟಿಸ್ಕೋತ ಬಂದೀನಿ. ಬುದ್ಧ ನೋಡಿದ್ನೋ ಇಲ್ಲೋ ಗೊತ್ತಿಲ್ಲ, ಮಗಳು ನೋಡಿದ್ಲು. ಅವತ್ತ ಮನಿಗೆ ಬಂದು ರೊಟ್ಟಿ ಬಡಿಯಾಕ ಕುಂತ್ರ ಕೈ ನಡೀಲಿಲ್ಲ. ಮಸಗುಪ್ಪಿಯ ಬಾಳವ್ವನ ಕೈ ಕಣ್ಮುಂದ ಬಂದು ನಿಂತ್ವು, ದೇವರ ಭಂಡಾರದ ಹಳದಿ ಅರಿಷಿಣ ಹತ್ತಿದ ಕೈ.

ಬಾಳವ್ವನ್ನ ಕಾಣೂದಕ್ಕೂ ಮದ್ಲ ನಾ ಲಸಿಕಿ ಕೆಲಸದಾಗ ಇದ್ದಾಕಿ. ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ ಹೆಗಲಿಗೆ ನೀಲಿ ಡಬ್ಬಿ ಹಾಕ್ಕೊಂಡು ತಿರುಗಿದ್ನಿ. ಡಬ್ಬಿಯೊಳಗ ಬರ್ಫಿನ ಪಾಕೀಟ ಇರಬೇಕು, ತಂಪು ಕಮ್ಮಿ ಆದ್ರ ಔಷಧ ಹಾಳು. ಇದನ್ನ ನಮಗ ಸಣ್ಣ ಹುಡುಗರಿಗೆ ಮಗ್ಗಿ ಕಲಿಸಿದಂಗ ಕಲಿಸಿದ್ರು. ನಡುರಾತ್ರಿ ಎಬ್ಬಿಸಿ ಕೇಳಿದ್ರೂ ಬರ್ಫ ಅಂತಿದ್ನಿ. ಆ ಗುತ್ತಿಗಿ ಮುಗಿದ ಮ್ಯಾಲ ಗೋಕಾಕದಾಗ ಬ್ಯಾರೇ ಕೆಲಸ ಸಿಕ್ತು. ಒಂದು ವೈದ್ಯಕೀಯ ಕಾಲೇಜಿನ ಡಾಕ್ಟರ್ ಮೇಡಂ, ಇಸಬು ಇರೂ ಹುಡುಗರ ರಕ್ತ ಪರೀಕ್ಷಾ ಮಾಡಾಕ ಅಂತ ಆ ಮಳಿಗಾಲದ ಮಟ್ಟಿಗೆ ಅಲ್ಲಿ ಎರಡು ಖೋಲಿ ಬಾಡಿಗಿ ಹಿಡಿದಿದ್ರು. ಊರೂರಿಗೆ ಹೋಗಿ, ತಾಯಂದಿರನ್ನ ಒಪ್ಪಿಸಿ, ರಕ್ತ ತಗದು, ಅವತ್ತ ಮಧ್ಯಾಹ್ನದೊಳಗ ತಂದು ಮುಟ್ಟಿಸೂದು ನನ್ನ ಕೆಲಸ. ಆಗ ಮೂರು ವರ್ಷದಾಕಿ ಇದ್ದ ಮಗಳನ್ನ ನಮ್ಮವ್ವನ ಹತ್ರ ಬಿಟ್ಟು ನಾನೂ ಗೋಕಾಕದಾಗ ಉಳಿದ್ನಿ.

ಇಸಬು ಅಂದ್ರ ಕಂಡವರಿಗಷ್ಟ ಗೊತ್ತು. ಮೊಣಕೈ ಮಡಚೂ ಜಾಗಾದಾಗ, ಮೊಣಕಾಲ ಹಿಂದ, ಕುತ್ತಿಗಿ ಸುತ್ತ ಚರ್ಮ ಕೆಂಪಾಗಿ ಬಿರಿತೈತಿ. ತುರಿಸಿದಷ್ಟೂ ತುರಿಕಿ, ಕಡೀಕ ನೀರು ಸೋರತೈತಿ. ಅದು ಒಬ್ಬರಿಂದ ಒಬ್ಬರಿಗೆ ಅಂಟೂದಿಲ್ಲ. ಆದ್ರೂ ಸಾಲ್ಯಾಗ ಅಂಥಾ ಹುಡುಗರನ್ನ ಎಲ್ಲಾರಿಂದ ದೂರ ಕುಂಡ್ರಸ್ತಾರ. ದೂರ ಕುಂಡ್ರೂದು ಏನಂತ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕ ಈ ಕೆಲಸ ಸಿಕ್ಕಾಗ ನನಗ ಭಾಳ ಅಭಿಮಾನ ಅನಿಸಿತ್ತು.

ಮೇಡಂ ದಾವಣಗೆರೆ ಕಡೆಯವರು. ಮದಲನೇ ವಾರದಾಗ ನನ್ನನ್ನ ಸೂಕ್ಷ್ಮದರ್ಶಕದ ಮುಂದ ಕುಂಡ್ರಿಸಿ ಒಂದು ಹುಡುಗನ ರಕ್ತದಾಗಿನ ಬಿಳಿ ಕಣ ತೋರಿಸಿದ್ರು.

“ಇವು ನಮ್ಮ ಮೈಯ ಕಾವಲುಗಾರರು ಕಣಮ್ಮ. ಇಸಬಿನ ಮಕ್ಕಳಲ್ಲಿ ಕೆಲವು ಕಣ ಸುಮ್ಮಸುಮ್ಮನೆ ಸಿಟ್ಟಿಗೇಳುತ್ತವೆ, ಧೂಳು ಬಿದ್ದರೂ ಜಗಳ. ಆದರೆ ನಿಜವಾದ ರೋಗಾಣು ಗಾಯದೊಳಗೆ ಹೊಕ್ಕಾಗ ಓಡಿ ಬರಬೇಕಾದ ಕಣಗಳು ನಿಧಾನ ಬರುತ್ತವೇನೋ ಅಂತ ಅನುಮಾನ. ಅವು ಎಷ್ಟು ಬೇಗ ನಡೆಯುತ್ತವೆ ಅಂತ ನೋಡಬೇಕು.”

ನೋಡಿದ್ನಿ. ಗಾಜಿನ ಮ್ಯಾಲ ಒಂದು ಕಣ ಮೈ ಉದ್ದ ಮಾಡಿ, ಹಿಂದಿನ ಭಾಗ ಎಳಕೊಂಡು, ಮತ್ತ ಉದ್ದ ಮಾಡಿ, ರೋಗಾಣು ಇದ್ದ ಕಡೆ ಹೊಂಟಿತ್ತು. ಮಳಿಗಾಲದಾಗ ಹಿತ್ತಲ ಗ್ವಾಡಿ ಮ್ಯಾಲ ಬಸವನಹುಳ ಹೋಗ್ತೈತಲ್ಲ, ಹಂಗ. ನನಗ ಕಣ್ಣು ತಗಿಯಾಕ ಮನಸ್ಸ ಆಗ್ಲಿಲ್ಲ.

ಮೇಡಂ ಎರಡ ನಿಯಮ ಹೇಳಿದ್ರು. ರಕ್ತ ತಗಿಯೂದಕ್ಕೂ ಮದ್ಲ ಏಳು ದಿನ ಹುಡುಗರಿಗೆ ಔಷಧದ ಮುಲಾಮು ಹಚ್ಚಬಾರದು, ಬೇಕಾದ್ರ ಬರೇ ಕೊಬ್ರಿ ಎಣ್ಣಿ. ಇನ್ನೊಂದು, ರಕ್ತ ತುಂಬಿದ ಗಾಜಿನ ನಳಿಗೆ ತಂಪು ತಾಗಬಾರದು. “ನಮಗೆ ಜೀವಂತ ಕಣ ಬೇಕು. ಐಸ್ ತಾಗಿದರೆ ಮುದುಡಿ ಗಂಟು ಕಟ್ಟಿಬಿಡುತ್ತವೆ. ಲಸಿಕೆ ಡಬ್ಬಿ ಮರೆತುಬಿಡಿ.” ನಾ ನಕ್ಕು ಹೂಂ ಅಂದಿದ್ನಿ.

ಮಸಗುಪ್ಪಿಯ ಸಾವಿ ನನ್ನ ಪಟ್ಟಿಯೊಳಗ ಒಂಬತ್ತನೇ ಹುಡುಗಿ. ಆರು ವರ್ಷದಾಕಿ. ಅಪ್ಪ ಟ್ರ್ಯಾಕ್ಟರ್ ಹೊಡೀತಿದ್ದ, ಮನ್ಯಾಗ ಇರೂದ ಕಮ್ಮಿ. ತಾಯಿ ರೇಣುಕಾ, ರೇಣುಕಾನ ಅತ್ತಿ ಬಾಳವ್ವ, ಈ ಕೂಸು, ಮೂರ ಜನ. ಮದ್ಲ ಹೋದ ದಿನ ಬಾಳವ್ವ ನನ್ನ ಊರು ಕೇಳಿ, ಅಡ್ಡಹೆಸರು ಕೇಳಿದ್ಲು. ಹೇಳಿದ್ನಿ. ಚಾ ಕಾಗದದ ಕಪ್ಪಿನ್ಯಾಗ ಬಂತು. ಎರಡನೇ ಸಲ ಹೋದಾಗ ಸಾವಿ ನನ್ನ ತೊಡಿ ಮ್ಯಾಲ ಬಂದು ಕುಂತ್ಲು, ನಾ ಅಕಿ ಕೈ ಹಿಡಕೊಂಡು ಗಾಯ ನೋಡಿದ್ನಿ. ಬಾಳವ್ವ ಅದನ್ನ ನೋಡ್ಕೋತ ಕುಂತಿದ್ದು, ಒಳಗ ಹೋಗಿ ಸ್ಟೀಲ್ ಲೋಟದಾಗ ಚಾ ತಂದು ಕೊಟ್ಲು.

ಏಳು ದಿನ ಮುಲಾಮು ಬಂದ್ ಅಂದಾಗ ಬಾಳವ್ವ ಒಪ್ಪಲಿಲ್ಲ. “ಹಚ್ಚಿದ್ರ ನಾಕ ದಿನ ನಿಲ್ತೈತಿ. ಅದನ್ನೂ ಬಿಡಸ್ತಿ ಏನವಾ?” ಅಂದ್ಲು. ಕಡೀಕ ರೇಣುಕಾ ಗಟ್ಟಿ ಮನಸ್ಸು ಮಾಡಿದ್ಲು. ಮುಲಾಮಿನ ಟ್ಯೂಬ್ ತಂದು ಅತ್ತಿ ಕೈಯಾಗ ಇಟ್ಟು, “ನನ್ನ ಹತ್ರ ಇದ್ರ ಅಕಿ ಅತ್ತಾಗ ಹಚ್ಚಿಬಿಡ್ತೇನಿ. ನೀವ ಇಟ್ಕೋರಿ ಅತ್ತಿ” ಅಂದ್ಲು. ಬಾಳವ್ವ ಅದನ್ನ ಎಲಿ ಅಡಿಕಿ ಚೀಲದಾಗ ತುರುಕಿ ದಾರ ಎಳದ್ಲು.

ಆ ಏಳು ದಿನ ಹುಡುಗಿ ಕಾಯ್ದಿದ್ದು ಬಾಳವ್ವನ ಕೈ. ನಾ ಎರಡ ಸಲ ಹೋಗಿ ಕಂಡೀನಿ. ಜೀವಮಾನ ಕಳೆ ಕಿತ್ತು ದೊರಗಾದ ಅಂಗೈ ಅವು. ಸಾವಿ ತುರಿಸ್ಕೊಳ್ಳಾಕ ಉಗುರು ಎತ್ತೂದ ತಡ, ಬಾಳವ್ವ ಆ ಜಾಗಾಕ್ಕ ಅಂಗೈ ಇಟ್ಟು ಮೆಲ್ಲಕ ತಿಕ್ಕತಿದ್ಲು. ಗಾಯ ಆಗತಿರ್ಲಿಲ್ಲ, ತುರಿಕಿ ಇಳೀತಿತ್ತು. ಕೂಸು ಅಜ್ಜಿಗೆ “ಆಯಿ, ಕೈ” ಅಂತಿತ್ತು. ರಾತ್ರಿನೂ ಆಯಿ ಬಾಜೂಕ ಮಲಗಿ, ನಿದ್ದಿಗಣ್ಣಾಗ “ಕೈ” ಅಂತಿತ್ತಂತ. ಮುದುಕಿ ಕುಂತಲ್ಲೇ ತೂಕಡಿಸ್ಕೋತ ತಿಕ್ಕತಿದ್ಲಂತ.

ಎಂಟನೇ ದಿನ ಮುಂಜಾನೆ ರಕ್ತ ತಗದ್ನಿ. ಬಾಳವ್ವನ ತೊಡಿ ಮ್ಯಾಲ ಕುಂತು ಸಾವಿ ಅಳಲೂ ಇಲ್ಲ. ನಳಿ ಅರಿವಿಯೊಳಗ ಸುತ್ತಿ ಚೀಲದಾಗ ಇಟ್ಕೊಂಡು ಗೋಕಾಕದ ಬಸ್ ಹತ್ತಿದ್ನಿ. ಹಿಂದಿನ ಎರಡ ದಿನ ಮಳಿ ಜಡದಿತ್ತು. ಅರಭಾವಿ ಮುಟ್ಟೂದ್ರಾಗ ಮುಂದ ಹಳ್ಳದ ನೀರು ರಸ್ತಾ ಮ್ಯಾಲ ಬಂದೈತಿ ಅಂತ ಬಸ್ ನಿಲ್ಲಿಸಿದ್ರು. ಅಷ್ಟ ಹೊತ್ತಿಗೆ ಮೋಡ ಸರದು ಬಿಸಲ ಬಿತ್ತು. ಮಳಿ ನಡುವಿನ ಬಿಸಲು, ಮೈ ಸುಡೂವಂಥಾದ್ದು. ಬಸ್ಸಿನ ತಗಡು ಕಾಯಿತು, ತೋಟಗಾರಿಕಿ ಕಾಲೇಜಿನ ಹುಡುಗರೆಲ್ಲಾ ಇಳದು ಗಿಡದ ನೆಳ್ಳಿಗೆ ನಿಂತ್ರು. ಒಂದು ತಾಸಾತು, ಬಸ್ ಅಲಗಾಡಲಿಲ್ಲ. ಅರಿವಿ ಮುಟ್ಟಿ ನೋಡಿದ್ನಿ, ಬೆಚ್ಚಗ ಇತ್ತು.

ಕೆಟ್ಟು ಹೋಗ್ತೈತಿ, ಕೂಸು ಏಳು ದಿನ ತಡಕೊಂಡಿದ್ದು ಮಣ್ಣಪಾಲಾಗ್ತೈತಿ ಅನ್ನೂದೊಂದ ತಲಿಯಾಗ. ಎದುರಿಗೆ ಕಬ್ಬಿನ ಹಾಲಿನ ಅಂಗಡಿ ಇತ್ತು. ಓಡಿ ಹೋಗಿ ಒಂದು ಪ್ಲಾಸ್ಟಿಕ್ ಚೀಲದಾಗ ಬರ್ಫಿನ ಚೂರು ಹಾಕಿಸ್ಕೊಂಡು, ನಳಿನ ಅದರ ನಡಕ ಇಟ್ಟು, ಮ್ಯಾಲ ಗಂಟ ಹಾಕಿದ್ನಿ. ವರ್ಷಗಟ್ಟಲೇ ಮಾಡಿದ ಕೈ, ಕೇಳದನ ಮಾಡ್ತು. ಮಾಡಿ ಮುಗಿಸಿ ಬಸ್ಸಿನ್ಯಾಗ ಕುಂತು, ಎಷ್ಟು ಹುಷಾರಿ ನೋಡ ನಾನು ಅಂತ ಸಮಾಧಾನ ಪಟ್ಕೊಂಡ್ನಿ. ಖರೇ ಹೇಳ್ತೇನಿ, ಹಂಗ ಅನಿಸಿತ್ತು.

ಗೋಕಾಕದಾಗ ಮೇಡಂ ಖೋಲಿ ಬಾಗಿಲ ಮುಂದ ನಿಂತು ಗಂಟ ಬಿಚ್ಚಿದಾಗ ನೆನಪಾತು. ನಳಿ ಕೈಗೆ ಚುಮುಚುಮು ಅಂತಿತ್ತು. ಐಸ್ ಮಾತ್ರ ಬೇಡ ಅಂದಿದ್ರಲ್ಲ. ಕರಗಿದ ನೀರು ಗಟಾರಕ್ಕ ಚೆಲ್ಲಿ, ಸೆರಗಿನ್ಯಾಗ ನಳಿ ಒರೆಸಿ, ಅಂಗೈಯಾಗ ಮುಚ್ಚಿ ಬೆಚ್ಚಗ ಮಾಡಿದ್ನಿ. ಆಮ್ಯಾಲ ಒಳಗ ಹೋಗಿ ಕೊಟ್ನಿ. ಆಗ ಬಾಯಿ ಬಿಟ್ಟು ಹೇಳಿದ್ರ ಎಲ್ಲಾ ಅಲ್ಲೇ ಮುಗೀತಿತ್ತು. ಮೇಡಂ ಎರಡ ಮಾತು ಬೈತಿದ್ರು, ಅಷ್ಟ.

ಸಂಜೀಕ ಕರದ್ರು. ಗಾಜಿನ ಮ್ಯಾಲ ಕಣ ಎಲ್ಲಾ ಗಂಟುಗಂಟಾಗಿ ಬಿದ್ದಿದ್ವು. ಒಂದೂ ನಡೀಲಿಲ್ಲ.

“ಐಸಿನಲ್ಲಿ ಇಟ್ಟಿರಲಿಲ್ಲ ತಾನೇ?”

“ಇಲ್ರಿ ಮೇಡಂ.”

“ಹಾಗಾದರೆ ಮುಲಾಮು ಹಚ್ಚಿದರೇನೋ. ಮುಲಾಮು ಮೈಯೊಳಗೆ ಹೋದರೆ ಕಣ ಮಂಕಾಗೋದು ಉಂಟು. ಆದರೆ ಇಷ್ಟು…”

ಅವರಿಗೂ ಪೂರ್ತಿ ನಂಬಿಕಿ ಇರ್ಲಿಲ್ಲ. ನಾ ಸುಮ್ಮನಿದ್ರೂ ನಡೀತಿತ್ತು. ಸುಮ್ಮನಿರ್ಲಿಲ್ಲ. “ಟ್ಯೂಬ್ ಅಜ್ಜಿ ಹತ್ರ ಇತ್ರಿ. ಮುದುಕಿಗೆ ಮೊಮ್ಮಗಳಂದ್ರ ಭಾಳ ಕಕ್ಕುಲಾತಿ. ಅಕಿನ ಹಚ್ಚಿರಬೇಕ್ರಿ” ಅಂದ್ನಿ. ಮೇಡಂ ಸಾವಿಯ ಹಾಳಿ ಮ್ಯಾಲ ಅದನ್ನ ಬರಕೊಂಡ್ರು. ಅವರು ಬರಿಯೂದನ್ನ ನಾ ನಿಂತು ನೋಡಿದ್ನಿ.

ಕಾಗದದ ಕಪ್ಪು ನನ್ನ ಮನಸಿನ್ಯಾಗ ಇತ್ತೇನು ಅಂತ ಎಷ್ಟೋ ಸಲ ನನ್ನ ನಾನ ಕೇಳ್ಕೊಂಡೀನಿ. ಇತ್ತು ಅಂದ್ರ ಒಂದು ನೆಪ ಆದ್ರೂ ಸಿಗ್ತಿತ್ತು. ಇರ್ಲಿಲ್ಲ. ಕೆಲಸ ಹೋಗ್ತೈತಿ ಅನ್ನೂ ಅಂಜಿಕಿ, ಮೇಡಂ ಮುಂದ ಹುಷಾರಿ ಅನಿಸ್ಕೊಳ್ಳೂ ಚಟ, ಅಷ್ಟ ಇದ್ದದ್ದು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ, ನನ್ನ ತಪ್ಪಿಗೆ ಆ ಮುದುಕಿ ಮೈ ಒಡ್ಡಬೇಕಾತು.

“ತಾಯಿ ಒಪ್ಪಿದರೆ ಮಾತ್ರ ಇನ್ನೊಮ್ಮೆ ಕೇಳಿ. ಒತ್ತಾಯ ಬೇಡ” ಅಂದ್ರು ಮೇಡಂ. ಎರಡ ದಿನ ಬಿಟ್ಟು ಮಸಗುಪ್ಪಿಗೆ ಹ್ವಾದ್ನಿ. ಬಾಳವ್ವ ಕಟ್ಟಿ ಮ್ಯಾಲ ಕುಂಡ್ರಿಸಿ ಚಾ ಕೊಟ್ಲು. ಒಂದ ಗುಟುಕು ಕುಡದು, ಇನ್ನೊಂದ ಏಳು ದಿನ ಬೇಕಾಗೇತಿ ಅಂದ್ನಿ. ರೇಣುಕಾ ಯಾಕ್ರಿ ಅಂದ್ಲು.

“ನಡಕ ಮುಲಾಮು ಹಚ್ಚಿದಂಗ ಕಾಣತೈತಿ ಅಂತಾರ್ರಿ.”

ಹಿಂಗ ಅನ್ನುವಾಗ ನಾ ಲೋಟದ ಕಡೆ ನೋಡ್ತಿದ್ನಿ.

ರೇಣುಕಾ ನಿಂತಲ್ಲೇ ಅತ್ತಿ ಕಡೆ ತಿರುಗಿದ್ಲು. “ಅತ್ತಿ, ನೀವೇನರ…”

“ನಾ ಯಾಕ ಹಚ್ಚಲಿ?”

“ಅಳು ಕೇಳಲಾರದ ಹಚ್ಚಿದ್ರ ಹೇಳ್ರಿ. ಸಿಟ್ಟಿಲ್ಲ. ನಾನೂ ತಾಯಿನ ಅದೇನಿ.”

“ಹಚ್ಚಿಲ್ಲಂತ ಹೇಳಿದ್ನೆಲ್ಲ.”

“ಡಾಕ್ಟರು ಮಶೀನಿನ್ಯಾಗ ನೋಡಿ ಹೇಳ್ಯಾರಂತ. ಅವರಿಗೇನು ನಿಮ್ಮ ಮ್ಯಾಲ ಹಗೀತನ ಐತೇನ್ರಿ?”

ಬಾಳವ್ವ ಎದ್ದು ಒಳಗ ಹ್ವಾದ್ಲು. ಎಲಿ ಚೀಲ ತರಾಕ ಹ್ವಾದ್ಲು ಅಂತ ನಾ ತಿಳಕೊಂಡ್ನಿ. ದೇವರ ಜಗಲಿ ಮ್ಯಾಗಿನ ಭಂಡಾರದ ಬಟ್ಟಲ ಹಿಡಕೊಂಡು ಬಂದ್ಲು. ಆ ಕಡೆ ಇದು ಸಣ್ಣ ಮಾತಲ್ಲ. ದೇವರ ಭಂಡಾರ ಮುಟ್ಟಿ ಸುಳ್ಳು ಹೇಳಿದ್ರ ಮನಿತನ ಉಳಿಯೂದಿಲ್ಲ ಅಂತ ನಂಬಿದ ಮಂದಿ. ಹೊಲದ ಬದುವಿನ ವ್ಯಾಜ್ಯದಾಗ ಗಂಡಸರು ಮುಟ್ತಾರ, ಅದೂ ಹತ್ತ ಸಲ ವಿಚಾರ ಮಾಡಿ. ಹೆಣ್ಣಮಗಳು, ತನ್ನ ಮನ್ಯಾಗ, ತನ್ನ ಸೊಸಿ ಮುಂದ ಮುಟ್ಟಿದ್ದನ್ನ ನಾ ಎಲ್ಲೂ ಕೇಳಿರ್ಲಿಲ್ಲ. ಬಾಳವ್ವ ತಲಿ ಮ್ಯಾಲ ಸೆರಗ ಹೊತ್ತು, ಎರಡೂ ಕೈ ಬಟ್ಟಲದಾಗ ಇಟ್ಟು, “ಈ ಕೂಸಿನ ಮೈಗೆ ನಾ ಔಷಧ ಹಚ್ಚಿದ್ರ ನನ್ನ ಕೈ ಬಿದ್ದ ಹೋಗ್ಲಿ” ಅಂದ್ಲು.

ನಾ ಅಲ್ಲೇ ಮೂರು ಮೊಳ ದೂರದಾಗ ಕುಂತಿದ್ನಿ. ನಾವು ಬುದ್ಧನ ಮಂದಿ, ಭಂಡಾರ ನಮ್ಮದಲ್ಲ, ಇದರಾಗ ನನ್ನದೇನೂ ಇಲ್ಲ ಅಂತ ಒಳಗೊಳಗ ಅಂದ್ಕೊಂಡ್ನಿ. ಸುಳ್ಳು ಹೇಳೂದಿಲ್ಲ ಅಂತ ಐತವಾರಕ್ಕೊಮ್ಮಿ ಮಾತು ಕೊಡಾಕಿ ನಾನು. ಅದು ಮಾತ್ರ ನಂದಾಗಿತ್ತು. ನಾಚಿಕಿ ಆತು, ಆದ್ರ ಬಾಯಿ ತಗೀವಷ್ಟ ಆಗ್ಲಿಲ್ಲ. ಚಾ ಕುಡದ್ನಿ.

ರೇಣುಕಾ ಎರಡನೇ ಸಲಕ್ಕೂ ಒಪ್ಪಿದ್ಲು. ಈ ಸಲ ಟ್ಯೂಬ್ ತನ್ನ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಿದ್ಲು. ಆದ್ರ ಬಾಳವ್ವ ಕೂಸಿನ್ನ ಮುಟ್ಟಲಿಲ್ಲ. “ಮತ್ತ ನನ್ನ ಹೆಸರ ಬರ್ತೈತಿ. ಬ್ಯಾಡ” ಅಂದು ದೂರ ಕುಂತ್ಲು. ಮೂರನೇ ದಿನ ನಾ ಹೋದಾಗ ಸಾವಿ “ಆಯಿ, ಕೈ” ಅಂತ ಅಕಿ ಮುಂದ ಮೊಣಕೈ ಚಾಚಿ ನಿಂತಿತ್ತು. ಬಾಳವ್ವ ಎರಡೂ ಕೈ ಕಂಕಳದಾಗ ಇಟ್ಕೊಂಡು ಅಂಗಳದ ಕಡೆ ನೋಡ್ಕೋತ ಕುಂತಿದ್ಲು. ಕೂಸು ಸ್ವಲ್ಪ ಹೊತ್ತು ನಿಂತು, ಆಮ್ಯಾಲ ಗ್ವಾಡಿಗೆ ಕೈ ಹಚ್ಚಿ ತಿಕ್ಕಾಕತ್ತಿತು.

ಐದನೇ ದಿನ ರೇಣುಕಾನ ಫೋನ್ ಬಂತು. “ಅಕ್ಕಾರ, ಕೀವ ಆಗೇತ್ರಿ. ಹಚ್ಚಲೇನ್ರಿ ಈಗ?”

“ಇನ್ನೆರಡ ದಿನ ತಡಕೋರಿ” ಅಂದ್ನಿ. ಮೇಡಂಗೆ ಒಂದ ಮಾತು ಹೇಳಲಿಲ್ಲ. ಹೇಳಿದ್ರ ಮದಲನೇದ್ದೂ ಹೊರಗ ಬರ್ತೈತಿ ಅಂತ ಅಂಜಿಕಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೋಳೂ ಬಾಳೇ ಆಗಿತ್ತು ನಂದು.

ಎಂಟನೇ ದಿನ ಮೇಡಂ ತಾವ ಬಂದ್ರು. ಸಾವಿ ಜ್ವರದಾಗ ಮಲಗಿತ್ತು, ಎಡ ಮೊಣಕೈ ಬಾತು ಕೆಂಪಾಗಿತ್ತು. ಓಡಿ ಬರಬೇಕಾದ ಕಣ ನಿಧಾನ ಬಂದ್ರ ಏನಾಗ್ತೈತಿ ಅಂತ ಅವತ್ತ ಗಾಜಿಲ್ಲದನ ಕಂಡ್ನಿ. ಮೇಡಂ ಸೂಜಿ ಹೊರಗ ತಗೀಲೇ ಇಲ್ಲ. “ಈ ಸ್ಥಿತಿಯಲ್ಲಿ ರಕ್ತ ತೆಗೆಯಲ್ಲ. ನನಗೆ ಯಾಕೆ ಹೇಳಲಿಲ್ಲ?” ಅಂತ ನನ್ನನ್ನ ಕೇಳಿ, ಉತ್ತರಕ್ಕೂ ಕಾಯದ ಹುಡುಗಿನ್ನ ತಮ್ಮ ಗಾಡಿಯೊಳಗ ಹಾಕ್ಕೊಂಡು ಗೋಕಾಕದ ದವಾಖಾನಿಗೆ ಒಯ್ದ್ರು. ನಾಕ ದಿನ ಸೂಜಿ ಔಷಧ. ಉಳೀತು. ಬಾಳವ್ವ ದವಾಖಾನಿಗೆ ಬಂದು ಬಾಗಿಲದಾಗ ನಿಂತಿರ್ತಿದ್ಲು, ಕಾಟಿನ ಹತ್ರ ಬರ್ತಿರ್ಲಿಲ್ಲ.

ಮಳಿಗಾಲ ಮುಗೀತು, ಕೆಲಸಾನೂ ಮುಗೀತು. ಮೇಡಂ ಎಲ್ಲಾ ಹಾಳಿ ಕಟ್ಟಿಕೊಂಡು ಹ್ವಾದ್ರು. ಸಾವಿಯ ಹಾಳಿ ಮ್ಯಾಲ ಅಜ್ಜಿ ಮುಲಾಮು ಹಚ್ಚಿದ್ದಾರೆ ಅನ್ನೂ ಸಾಲು ಹಂಗ ಹ್ವಾತು.

ಹೋದ ಐತವಾರ ಮಗಳು ಕೇಳಿದ ಮ್ಯಾಲ ನಾಕ ದಿನ ತಡದ್ನಿ. ಗುರುವಾರ ಮುಂಜಾನೆ ಬಸ್ ಹತ್ತಿದ್ನಿ. ಅರಭಾವಿಯಾಗ ಆ ಕಬ್ಬಿನ ಹಾಲಿನ ಅಂಗಡಿ ಈಗೂ ಐತಿ. ಮಸಗುಪ್ಪಿಯಾಗ ಬಾಳವ್ವ ಅದ ಕಟ್ಟಿ ಮ್ಯಾಲ ಕೈ ಕಂಕಳದಾಗ ಇಟ್ಕೊಂಡು ಕುಂತಿದ್ಲು, ಬೆನ್ನು ಬಾಗೇತಿ, ಗುರುತು ಹಿಡದ್ಲು. ರೇಣುಕಾ ಒಳಗಿಂದ ಬಂದು “ಬರ್ರಿ ಅಕ್ಕಾರ” ಅಂದ್ಲು.

ಕುಂಡ್ರಲಿಲ್ಲ. ನಿಂತ ಹೇಳಿದ್ನಿ. ಬರ್ಫ, ಸೆರಗಿನ್ಯಾಗ ಒರಸಿದ್ದು, ಮೇಡಂ ಮುಂದ ಅಂದ ಮಾತು, ಎಲ್ಲಾ. ಹೇಳಿ ಮುಗಿಸಿದಾಗ ಮದ್ಲ ಮಾತಾಡಿದಾಕಿ ರೇಣುಕಾ, ನನ್ನ ಜೋಡಿ ಅಲ್ಲ, ಅತ್ತಿ ಜೋಡಿ.

“ನೀವು ಸುಳ್ಳ ಆಣಿ ಮಾಡೀರಿ ಅಂತ ತಿಳಕೊಂಡಿದ್ನಿರಿ ಅತ್ತಿ. ಆಮ್ಯಾಲ ನಮ್ಮ ಎಮ್ಮಿ ಸತ್ತಾಗೂ ಆ ಆಣಿದ ಪಾಪ ಅಂದ್ನಿ.”

“ನಾ, ನೀ ಹಚ್ಚಿ ನನ್ನ ಮ್ಯಾಲ ಹಾಕೀದಿ ಅಂತ ತಿಳಕೊಂಡಿದ್ನಿ” ಅಂದ್ಲು ಬಾಳವ್ವ.

ಐದು ವರ್ಷ ಒಂದ ಒಲಿ ಮ್ಯಾಲ ಅಡಗಿ ಮಾಡ್ಕೋತ ಇಬ್ಬರೂ ಇದನ್ನ ಹೊಟ್ಟಿಯಾಗ ಇಟ್ಕೊಂಡಿದ್ರು. ನಾ ಕಟ್ಟಿ ಅಂಚಿಗೆ ಕುಂತ್ನಿ. ತಪ್ಪಾತ್ರಿ ಅಂದ್ನಿ. ಅದು ಯಾರಿಗೂ ಕೇಳಿಸಿದಂಗ ಕಾಣಲಿಲ್ಲ.

ಅಷ್ಟ ಹೊತ್ತಿಗೆ ಸಾವಿ ಸಾಲಿಯಿಂದ ಬಂದ್ಲು. ಈಗ ಹನ್ನೊಂದು ವರ್ಷ, ಎತ್ತರ ಬೆಳದಾಳ. ಎಡ ಮೊಣಕೈ ಮ್ಯಾಲ ಒಂದು ಬೆಳ್ಳಗಿನ ಕಲಿ ಬಿಟ್ರ ಮೈ ಸ್ವಚ್ಛ ಐತಿ. ವಯಸ್ಸ ಏರಿದಂಗ ಎಷ್ಟೋ ಹುಡುಗರಿಗೆ ಇಸಬು ತಾನ ಇಳೀತೈತಿ. ಬಾಳವ್ವ ಅಕಿನ ಬಾಜೂಕ ಕರದು, ಕಂಕಳದಾಗಿನ ಕೈ ಹೊರಗ ತಗದು, ಆ ಕಲಿ ಮ್ಯಾಲ ಅಂಗೈ ಇಟ್ಲು.

“ಏನ ಆಯಿ?” ಅಂದ್ಲು ಸಾವಿ.

“ತುರಸ್ತೇತೇನವಾ?”

“ಇಲ್ಲ. ಯಾವಾಗೋ ಹೋಗೇತೆಲ್ಲ.” ಹುಡುಗಿ ನಕ್ಕು, ಕೈ ಬಿಡಿಸ್ಕೊಂಡು, ಚೀಲ ಇಡಾಕ ಒಳಗ ಹ್ವಾದ್ಲು.

ಬಾಳವ್ವ ತನ್ನ ಖಾಲಿ ಕೈ ಮಡಲಾಗ ಇಟ್ಕೊಂಡು ನೋಡಿದ್ಲು. ಆಮ್ಯಾಲ ನನ್ನ ಕಡೆ ತಿರುಗಿದ್ಲು.

“ನಾ ಭಂಡಾರ ಮುಟ್ಟುವಾಗ ನೀ ಇಲ್ಲೇ ಕುಂತಿದ್ದಿ.”

“ಹೂಂನ್ರಿ.”

“ಚಾ ಕುಡ್ಯಾಕತ್ತಿದ್ದಿ.”

“ಹೂಂನ್ರಿ.”

ಬಾಳವ್ವ ಸೊಸಿಗೆ ಚಾ ಇಡು ಅಂದ್ಲು. ನಾ ಬ್ಯಾಡ್ರಿ ಅಂದು ಎ‌ದ್ನಿ. ಕುಂಡ್ರು ಅಂದ್ಲು. ರೇಣುಕಾ ಅದ ಸ್ಟೀಲ್ ಲೋಟದಾಗ ಚಾ ತಂದು ನನ್ನ ಮುಂದ ಇಟ್ಲು. ಸಾವಿ ಬಾಗಿಲದಾಗ ಬಂದು ನಿಂತ್ಲು.

“ಕುಡಿ” ಅಂದ್ಲು ಬಾಳವ್ವ. “ಅವತ್ತೂ ಕುಡದಿದ್ದೆಲ್ಲ.”

ಮೂರೂ ಮಂದಿ ನೋಡ್ಕೋತಿದ್ರು. ನಾ ಲೋಟ ಎತ್ತಿ ಕುಡದ್ನಿ.